ಮುಚ್ಚಳದ ಒಳಗಿನ ಚೀಟಿ

ನನ್ನ ಅಕ್ಕ ಕಾಗದ ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಾಳೆ. ಒಮ್ಮೆ ಸೆರಗಿಗೆ, ಒಮ್ಮೆ ಬಾಗಿಲ ಹಿಂದೆ ನೇತುಹಾಕಿದ ಟವೆಲಿಗೆ. ಆಮೇಲೆ ಫ್ಯಾನಿನ ಕೆಳಗೆ ನಿಂತು ಎರಡೂ ಅಂಗೈ ಮೇಲೆ ಮಾಡಿ, ಹತ್ತು ಎಣಿಸುವಷ್ಟು ಹೊತ್ತು ಕಾಯುತ್ತಾಳೆ. ಬ್ಯಾಂಕಿನ ಪಾಸ್‌ಬುಕ್ಕಿಗೂ ಹೀಗೆಯೇ, ಕರೆಂಟ್ ಬಿಲ್ಲಿಗೂ ಹೀಗೆಯೇ, ಭಜಿ ಕಟ್ಟಿಕೊಟ್ಟ ಪೇಪರಿನ ತುಂಡನ್ನು ಓದಬೇಕೆನಿಸಿದರೂ ಹೀಗೆಯೇ. ಫ್ಯಾನ್ ನಿಂತಿದ್ದರೆ ಬಾಯಿಂದ ಊದಿಕೊಳ್ಳುತ್ತಾಳೆ. ನೋಡಿದವರು ಮಡಿ ಅಂದುಕೊಳ್ಳುತ್ತಾರೆ. ಮಡಿಯಲ್ಲ. ಆ ಅಭ್ಯಾಸ ಅವಳಿಗೆ ಹತ್ತಿದ್ದು ನನ್ನಿಂದ. ಹೇಗೆ ಎಂದು ಬರೆಯಲು ಕೂತಿದ್ದೇನೆ. ಐದನೆಯ ಕ್ಲಾಸು ದಾಟದವನು ನಾನು. ಬರೆಯುವಾಗ ಬೇಗ ದಣಿವಾಗುತ್ತದೆ. ಆದರೆ ಇದನ್ನು ಬೇರೆಯವರ ಕೈಯಲ್ಲಿ ಬರೆಸಲಾಗದು.

ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಡೊಂಬಿವಲಿಗೆ ಬಂದಾಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಆ ಕಾಲಕ್ಕೆ ನಮ್ಮ ಕರಾವಳಿಯ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗರು ಅಲ್ಲಿ ಬೇಕಾದಷ್ಟು ಇದ್ದರು. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಗೆ ಜನ ಬರುವ ತನಕ, ಅಂದರೆ ಮೂರರಿಂದ ಐದರವರೆಗೆ, ಹೋಟೆಲುಗಳಲ್ಲಿ ಕೆಲಸ ಕಡಿಮೆ. ಆ ಎರಡು ಗಂಟೆಯಲ್ಲಿ ಊರವರ ಸಂಘವೊಂದು ಅವರಿಗೆ ಕನ್ನಡ, ಲೆಕ್ಕ ಕಲಿಸುವ ಶಾಲೆ ನಡೆಸುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಲ್ಲಿ ಕಲಿಸಿದವಳು ಅಕ್ಕ. ಸಾಂಬಾರಿನ ವಾಸನೆಯ ಬನಿಯನ್ನಿನಲ್ಲೇ ಹುಡುಗರು ಬಂದು ಕೂರುತ್ತಿದ್ದರು. ಅರ್ಧ ಜನ ನಿದ್ದೆ ಮಾಡುತ್ತಿದ್ದರು. ಮಲಗಿದವರನ್ನು ಅವಳು ಎಬ್ಬಿಸುತ್ತಿರಲಿಲ್ಲ. ಎದ್ದ ಮೇಲೆ ಪಾಠ ಮತ್ತೊಮ್ಮೆ ಹೇಳುತ್ತಿದ್ದಳು.

ಆ ಶಾಲೆಯ ರಿಜಿಸ್ಟರ್ ಒಂದೇ. ಅಂಗೈ ಅಗಲ ದಪ್ಪ, ಕೆಂಪು ಬಟ್ಟೆಯ ಬೆನ್ನು. ಸೇರಿದ ಹುಡುಗನ ಹೆಸರು, ತಾಯಿಯ ಹೆಸರು, ಮನೆಯ ಹೆಸರು, ಊರು, ಹುಟ್ಟಿದ ದಿನ, ಕರೆದುಕೊಂಡು ಬಂದವರು ಯಾರು, ಎಲ್ಲವನ್ನೂ ಅಕ್ಕ ಗುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ಹುಟ್ಟಿದ ದಿನ ಗೊತ್ತಿಲ್ಲದವರ ಊರಿನ ಮಾಸ್ತರರಿಗೆ ಕಾರ್ಡು ಹಾಕಿ ತರಿಸಿಕೊಳ್ಳುತ್ತಿದ್ದಳು. ಅದರಲ್ಲಿ ನನ್ನ ಹೆಸರೂ ಇತ್ತು. ಊರಿನಿಂದ ಕರೆತಂದು ಅವಳೇ ಸೇರಿಸಿದ್ದಳು. ನಾಲ್ಕು ತಿಂಗಳಿಗೆ ನಾನು ಅಂಬರನಾಥದ ರಟ್ಟಿನ ಡಬ್ಬದ ಕಾರ್ಖಾನೆಗೆ ಹೋಗಿಬಿಟ್ಟೆ. ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಬಿಟ್ಟಿದ್ದಾನೆ' ಎಂದು ಬರೆದಳು. ತಮ್ಮ ಎಂದು ಬೇರೆ ಶಾಯಿ ಬಳಸಲಿಲ್ಲ.

ಊರಿನಿಂದ ಹುಡುಗರು ಬರುವುದು ನಿಂತ ಮೇಲೆ ಶಾಲೆಯೂ ನಿಂತಿತು. ರಿಜಿಸ್ಟರ್ ಅಕ್ಕನ ಮನೆಗೆ ಬಂತು. ಅಷ್ಟರಲ್ಲಿ ಭಾವ ತೀರಿಕೊಂಡಿದ್ದರು. ಮಗಳ ಜೊತೆ, ಅಂದರೆ ನನ್ನ ಸೋದರ ಸೊಸೆಯ ಜೊತೆ, ಅಕ್ಕ ಕಲ್ಯಾಣದ ಸಾಲುಮನೆಗಳ ಒಂದು ಚಾಳಿನ ನೆಲಮಹಡಿಯಲ್ಲಿ ಇದ್ದಳು. ಅಲ್ಲಿಗೂ ಜನ ಹುಡುಕಿಕೊಂಡು ಬರುತ್ತಿದ್ದರು. ಪಾಸ್‌ಪೋರ್ಟಿಗೋ ರೇಶನ್ ಕಾರ್ಡಿಗೋ ಹುಟ್ಟಿದ ದಿನದ ಪುರಾವೆ ಬೇಕಾದವರು, ತಲೆ ನರೆತ ಗಂಡಸರು, ಬಾಗಿಲಲ್ಲಿ ಚಪ್ಪಲಿ ಬಿಟ್ಟು "ಟೀಚರಕ್ಕ" ಎಂದು ಕರೆಯುತ್ತಿದ್ದರು. ಸರಕಾರದ ಶಾಲೆಯೇನೂ ಅಲ್ಲ. ಆದರೂ ರಿಜಿಸ್ಟರಿನ ಪ್ರತಿ, ಕೆಳಗೆ ಅಕ್ಕನ ಸಹಿ ಇದ್ದರೆ ವಕೀಲರು ಅಫಿಡವಿಟ್ ಮಾಡಿಸಲು ಒಪ್ಪುತ್ತಿದ್ದರು. ಎಷ್ಟೋ ಜನರ ಕೈಯಲ್ಲಿ ತಾಯಿಯ ಹೆಸರು ಬರೆದ ಬೇರೆ ಕಾಗದವೇ ಇರಲಿಲ್ಲ. ಮನೆಯಲ್ಲಿ ನಮ್ಮ ಮಾತು ತುಳು. ರಿಜಿಸ್ಟರಿನ ವಿಷಯ ಬಂದರೆ ಮಾತ್ರ ಅಕ್ಕ ಕನ್ನಡಕ್ಕೆ ತಿರುಗುತ್ತಿದ್ದಳು, ಕ್ಲಾಸಿನಲ್ಲಿ ನಿಂತವಳ ಹಾಗೆ.

ನನ್ನ ವಿಷಯ ಹೇಳಬೇಕು. ಅಂಬರನಾಥದಲ್ಲಿ ಇಪ್ಪತ್ತೈದು ವರ್ಷ ಟಿವಿಗೆ, ಮಿಕ್ಸರಿಗೆ, ಔಷಧಿ ಬಾಟಲಿಗೆ ಡಬ್ಬ ಮಾಡಿದೆ. ಆ ಕಾರ್ಖಾನೆ ಮುಚ್ಚಿತು. ಪುಣ್ಯಕ್ಕೆ ಮಹಾಪೆಯಲ್ಲಿ ಒಂದು ಸಣ್ಣ ಕಾರ್ಯಾಗಾರದಲ್ಲಿ ಕೆಲಸ ಸಿಕ್ಕಿತು. ನಡೆಸುತ್ತಿದ್ದವರು ಮೈಸೂರಿನ ಕಡೆಯ ಹೆಂಗಸು. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಹಳೆಯ ಗ್ರಂಥಾಲಯ, ಟ್ರಸ್ಟು, ಮನೆತನಗಳ ಪುಸ್ತಕ ಮತ್ತು ಕಾಗದಪತ್ರಗಳಿಗೆ ಒಂದೊಂದಕ್ಕೂ ಅದರದೇ ಅಳತೆಯ ಪೆಟ್ಟಿಗೆ ಮಾಡುವುದು ಅಲ್ಲಿನ ಕೆಲಸ. ದಿವಾದ ನನ್ನ ಚಾಳಿನಲ್ಲಿ ಇದನ್ನು ಕೇಳಿದ ನೆರೆಯವನು ನಕ್ಕ. "ಕಾಯ್ ಅಣ್ಣಾ, ಪುಸ್ತಕಾಚಾ ಶಿಂಪಿ ಝಾಲಾಸ್?" ಪುಸ್ತಕಗಳ ದರ್ಜಿಯಾದೆಯಾ ಎಂದು. ಅವನು ಹೇಳಿದ್ದು ಸುಳ್ಳೇನಲ್ಲ. ಹಳೆಯ ಪುಸ್ತಕ ಮುದುಕರ ಮೈಯ ಹಾಗೆ, ಎಲ್ಲೂ ನೇರ ಇರುವುದಿಲ್ಲ. ಬೆನ್ನಿನ ಹತ್ತಿರ ಒಂದು ದಪ್ಪ, ನಡುವೆ ಒಂದು, ಅಂಚಿನಲ್ಲಿ ಇನ್ನೊಂದು. ಮೂರು ಕಡೆ ಅಳೆದು, ಹೆಚ್ಚಿನದನ್ನು ಹಿಡಿದು, ಎರಡು ಮಿಲಿಮೀಟರ್ ಸಡಿಲ ಬಿಡಬೇಕು. ರಟ್ಟಿನಲ್ಲಿ ಹುಳಿ, ಅಂದರೆ ಆಮ್ಲ, ಇರಬಾರದು, ಇದ್ದರೆ ಕಾಗದ ಹಳದಿಯಾಗಿ ಮುರಿಯುತ್ತದೆ. ಪ್ಲಾಸ್ಟಿಕ್ ಹತ್ತಿರ ತರಬಾರದು.

ಮೊದಲ ವಾರ ನಾನು ಒಂದು ಪೆಟ್ಟಿಗೆಯ ಮೂಲೆಗಳಿಗೆ ಟೇಪು ಸುತ್ತಿ ತಂದು ತೋರಿಸಿದೆ. ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ರೀ ಇದು? ಗಾಳಿ ಎಲ್ಲಿಂದ ಬರ್ಬೇಕು?"

"ಗಾಳಿ ಬರಬಾರದು ಅಂತಲೇ ಮೇಡಂ. ಭದ್ರ ಇರ್ತದೆ."

"ಪುಸ್ತಕ ಉಸಿರಾಡತ್ತೆ ಕಣ್ರೀ. ಒಳಗಿನ ತೇವ ಹೊರಗೆ ಹೋಗ್ಬೇಕು. ನಿಮ್ಮ ಕಾರ್ಟನ್ ಬುದ್ಧಿ ಬಿಡಿ, ನಾವು ಟಿವಿ ಪ್ಯಾಕ್ ಮಾಡ್ತಿಲ್ಲ."

ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಪೆಟ್ಟಿಗೆ ಮುಗಿದ ಮೇಲೆ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಬೇಕು. ಅಳೆದವರು ಯಾರು, ಕತ್ತರಿಸಿದವರು ಯಾರು, ಮಡಿಚಿದವರು ಯಾರು, ಪೆನ್ಸಿಲಿನಲ್ಲಿ ಹೆಸರು. ನೂರು ವರ್ಷದ ನಂತರ ಯಾರಾದರೂ ತೆರೆದರೂ ತಪ್ಪು ಯಾರದು ಎಂದು ತಿಳಿಯಬೇಕು ಎನ್ನುತ್ತಿದ್ದರು ಮೇಡಂ. ನನ್ನ ಹೆಸರು ಶಾಲೆಯ ರಿಜಿಸ್ಟರಿನ ನಂತರ ಒಂದು ಕಡೆ ಬರೆದು ಉಳಿಯುತ್ತಿದ್ದುದು ಆ ಚೀಟಿಗಳಲ್ಲೇ. ನನಗೆ ಅದರ ಹೆಮ್ಮೆ ಇತ್ತು.

ಆಮೇಲೆ ಆ ದೊಡ್ಡ ಮಳೆ ಬಂತು, ಎರಡು ಸಾವಿರದ ಐದರದ್ದು. ಅಕ್ಕನ ಕೋಣೆಯಲ್ಲಿ ನೀರು ಎದೆಮಟ್ಟ ಏರಿತ್ತು. ಅಕ್ಕ, ಸೊಸೆ ಇಬ್ಬರೂ ಮೇಲಿನ ಮಹಡಿಯವರ ಮನೆಯಲ್ಲಿ ಕೂತು ಬದುಕಿದರು. ಹೊರಡುವ ಮೊದಲು ಅಕ್ಕ ರಿಜಿಸ್ಟರನ್ನು ಅಟ್ಟಕ್ಕೆ ಎಸೆದಿದ್ದಳು. ನಾನು ಮೂರನೆಯ ದಿನ ಹೋದಾಗ ಅವಳು ಕೆಸರು ಬಳಿಯುತ್ತಿದ್ದಳು. ರಿಜಿಸ್ಟರ್ ತಂದು ನನ್ನ ಕೈಗೆ ಕೊಟ್ಟಳು. ನೀರು ತಾಗಿರಲಿಲ್ಲ. ಆದರೆ ನೀರು ನಿಂತ ಕೋಣೆಯ ಆವಿಯನ್ನು ಪೂರ್ತಿ ಕುಡಿದಿತ್ತು. ಪುಟಗಳು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಿದ್ದವು.

"ಅಟ್ಟಕ್ಕೆ ಬಿಸಾಡಿದ್ದಕ್ಕೆ ಬಚಾವಾಯ್ತು," ಎಂದಳು ಅಕ್ಕ. "ಇನ್ನೊಂದು ಸಲ ಬಂದ್ರೆ ಎಂತ ಮಾಡುದು? ನೀನು ಲೋಕದವರ ಪುಸ್ತಕಕ್ಕೆಲ್ಲ ಪೆಟ್ಟಿಗೆ ಮಾಡ್ತಿ. ನಂದಕ್ಕೂ ಒಂದು ಮಾಡಿ ಕೊಡು ಮಾರಾಯ. ಒಂದು ಹನಿ ನೀರು ಒಳಗೆ ಹೋಗ್ಬಾರ್ದು."

"ಆಯ್ತಕ್ಕ," ಎಂದೆ.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆ ತಿಂಗಳು ನಮ್ಮ ಕಾರ್ಯಾಗಾರದ ತುಂಬ ಮಳೆಯಲ್ಲಿ ತೇವ ಹಿಡಿದ ಪುಸ್ತಕಗಳೇ. ಬೀಸಣಿಗೆಯ ಹಾಗೆ ಅಗಲಿಸಿ ನಿಲ್ಲಿಸಿ, ನಡುನಡುವೆ ಒತ್ತುಕಾಗದ ಇಟ್ಟು, ಟೇಬಲ್ ಫ್ಯಾನ್ ಹಾಕಿ ಎರಡು ಮೂರು ವಾರ ಒಣಗಿಸುತ್ತಿದ್ದೆವು. ಹಗಲೆಲ್ಲ ನಾನು ಮಾಡುತ್ತಿದ್ದುದೇ ಆ ಕೆಲಸ. ರಿಜಿಸ್ಟರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದರೆ ಮೇಡಂ ಬೇಡ ಎನ್ನುತ್ತಿರಲಿಲ್ಲ.

ಒಯ್ಯಲಿಲ್ಲ. ದಿವಾ ಸ್ಟೇಷನ್ನಿನಲ್ಲಿ ಬೆಳಗಿನ ಲೋಕಲ್ ಗಾಡಿ ಹತ್ತುವುದೆಂದರೆ ಮೊದಲೇ ತುಂಬಿ ಬಂದ ಡಬ್ಬಿಗೆ ಭುಜ ತುರುಕುವುದು. ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ವಾಶಿಯ ಗಾಡಿ, ಅದರಿಂದ ಶೇರ್ ರಿಕ್ಷಾ. ಆ ನೂಕಾಟದಲ್ಲಿ ಮೆತ್ತಗಾದ ಪುಸ್ತಕವನ್ನು ಎದೆಗವಚಿಕೊಂಡು ಹೋಗುವುದು ಬೇಡವೆನಿಸಿತು. ದಣಿದಿದ್ದೆ ಎಂಬುದು ಸುಳ್ಳಲ್ಲ. ಆದರೆ ಅದಷ್ಟೇ ಅಲ್ಲ. ಅಕ್ಕನ ಕಣ್ಣಿಗೆ ನಾನು ಯಾವತ್ತೂ 'ಬಿಟ್ಟಿದ್ದಾನೆ'. ಈ ಒಂದು ಕೆಲಸವನ್ನು ಮೇಡಂ ಹೆಸರಿಲ್ಲದೆ, ನಾನೊಬ್ಬನೇ ಮಾಡಿದ್ದೆಂದು ಕೊಡಬೇಕೆನಿಸಿತ್ತು.

ಅಳತೆಯನ್ನು ಫೋನಿನಲ್ಲಿ ಕೇಳಿದೆ. ಅಕ್ಕ ರವಿಕೆ ಹೊಲಿಯುವ ಟೇಪಿನಲ್ಲಿ ಅಳೆದು ಇಂಚಿನಲ್ಲಿ ಹೇಳಿದಳು. ಹಳೆಯ ಕಾರ್ಖಾನೆಯ ಗೆಳೆಯನಿಂದ ರಫ್ತಿನ ಡಬ್ಬದ ದಪ್ಪ ರಟ್ಟು ತಂದೆ. ಒಳಗಡೆ ಪೂರ್ತಿ ಪ್ಲಾಸ್ಟಿಕ್ ಹಾಳೆ, ಕೂಡುವ ಕಡೆಗಳಲ್ಲಿ ನಲ್ಲಿಯ ಸಂದಿಗೆ ಹಾಕುವ ಅಂಟು, ಮುಚ್ಚಳದ ಸುತ್ತ ಫ್ರಿಜ್ಜಿನ ಬಾಗಿಲಿನ ರಬ್ಬರು. ಹೊರಗೆ ನೀಲಿ ಬಟ್ಟೆ ಹೊದಿಸಿ, ಲಾಡಿ ಇಟ್ಟೆ. ನೋಡಿದರೆ ನಮ್ಮ ಕಾರ್ಯಾಗಾರದ್ದೇ ಎನ್ನಬೇಕು. ಚೀಟಿ ಮಾತ್ರ ಅಂಟಿಸಲಿಲ್ಲ. ಮರೆತೆ ಎಂದು ಆಗ ಅಂದುಕೊಂಡೆ.

ಚೌತಿಯ ಮರುದಿನ ಒಯ್ದು ಕೊಟ್ಟೆ. ಪಾತ್ರೆ ತಿಕ್ಕುತ್ತಿದ್ದ ಅಕ್ಕ ಅರ್ಧಕ್ಕೆ ಎದ್ದು ಬಂದಳು. ಕೈಯನ್ನು ಸೀರೆಗೆ ಒಮ್ಮೆ ಉಜ್ಜಿ, ರಿಜಿಸ್ಟರನ್ನು ತಾನೇ ಎತ್ತಿ ಒಳಗಿಟ್ಟಳು. ಬಿಗಿಯಾಗಿತ್ತು, ಸ್ವಲ್ಪ ಒತ್ತಬೇಕಾಯಿತು. ಇನ್ನೂ ಮೆತ್ತಗೇ ಇತ್ತು. ನಾನು ನೋಡಿದೆ. ಬಾಯಿ ತೆರೆಯಲಿಲ್ಲ. ಮುಚ್ಚಳ ಹಾಕಿದಾಗ ಉಸ್ಸೆಂದು ಗಾಳಿ ಹೊರಬಂತು.

"ನೋಡು, ಬೀರುವಿನ ಹಾಗೆ ಉಂಟು!" ಅಕ್ಕ ಮಗಳನ್ನು ಕರೆದು ತೋರಿಸಿದಳು. "ನನ್ನ ತಮ್ಮ ಮಾಡಿದ್ದು." ಬಂದುಹೋದವರಿಗೆಲ್ಲ ಒಂದು ತಿಂಗಳು ಅದನ್ನೇ ತೋರಿಸಿದಳು. ತೆರೆಯಲಿಲ್ಲ, ಹೊರಗಿನಿಂದಲೇ.

ಮರುವರ್ಷ ದೀಪಾವಳಿ ಕಳೆದು ಒಬ್ಬ ಮನುಷ್ಯ ಬಂದರು. ನಡುವೆ ಯಾರೂ ರಿಜಿಸ್ಟರ್ ಕೇಳಿರಲಿಲ್ಲ. ಅವತ್ತು ನಾನೂ ಅಲ್ಲಿದ್ದೆ. ಅವರು ಒಂದು ಹೋಟೆಲಿನಲ್ಲಿ ಅಡುಗೆಯವರು. ಮಸ್ಕತ್ತಿನಲ್ಲಿ ಕೆಲಸ ಗೊತ್ತಾಗಿತ್ತು, ಪಾಸ್‌ಪೋರ್ಟಿಗೆ ಪುರಾವೆ ಬೇಕಿತ್ತು.

"ನೆನಪುಂಟಾ ಟೀಚರಕ್ಕ? ಯಾವಾಗಲೂ ಗೋಡೆಗೆ ಒರಗಿ ನಿದ್ದೆ ಮಾಡ್ತಿದ್ದವ ನಾನು."

"ಒರಗಿದವರು ಒಬ್ಬರಾ ಇಬ್ಬರಾ? ಗೋಡೆಯಲ್ಲಿ ಎಣ್ಣೆಯ ಗೆರೆಯೇ ಇತ್ತು," ಎಂದಳು ಅಕ್ಕ. ಮೂವರೂ ನಕ್ಕೆವು. ಅವಳು ಪೆಟ್ಟಿಗೆ ತಂದು ಮಂಚದ ಮೇಲಿಟ್ಟು ಲಾಡಿ ಬಿಚ್ಚಿದಳು.

ಮೊದಲು ಬಂದದ್ದು ವಾಸನೆ. ಆಮೇಲೆ ನೋಡಿದರೆ ಮುಚ್ಚಳದ ಒಳಗಡೆ ನೀರಿನ ಸಣ್ಣ ಹನಿಗಳು. ಹೊರಗಿನ ನೀರಲ್ಲ, ಪುಸ್ತಕ ತಾನೇ ಬಿಟ್ಟದ್ದು. ಹೊರಗೆ ಹೋಗಲು ದಾರಿಯಿಲ್ಲದೆ ಮತ್ತೆ ಅದರ ಮೇಲೇ ಬಿದ್ದಿತ್ತು. ಕೆಂಪು ಬೆನ್ನಿನ ಮೇಲೆ ಹಸಿರು, ಕಪ್ಪು ಬೂಷ್ಟು ಉಣ್ಣೆಯ ಹಾಗೆ ಬೆಳೆದಿತ್ತು. ಪುಟಗಳು ಒಂದಕ್ಕೊಂದು ಕಚ್ಚಿ ಇಟ್ಟಿಗೆಯಾಗಿದ್ದವು. ಅಕ್ಕ ಉಗುರಿನಿಂದ ಒಂದನ್ನು ಬಿಡಿಸಲು ನೋಡಿದಳು. ಅಕ್ಷರದ ಜೊತೆಗೇ ಕಾಗದ ಕಿತ್ತು ಬಂತು.

ಸೊಸೆ ಇಣುಕಿ, "ಮಾಮಾ, ಯೆ ತೋ ಗಯಾ," ಎಂದಳು. ಇದು ಹೋಯಿತು ಎಂದು.

ಆ ಮನುಷ್ಯ ಪೆಟ್ಟಿಗೆಯ ಮೇಲೆ ಬಗ್ಗಿ ನೋಡಿದರು. ಕೊನೆಗೆ, "ಅಮ್ಮನ ಹೆಸರು ಇದ್ದದ್ದು ಇದರಲ್ಲಿ ಮಾತ್ರ," ಎಂದರು. ಮತ್ತೆ ಅವರೇ, "ಪರವಾಗಿಲ್ಲ ಟೀಚರಕ್ಕ, ಬೇರೆ ಏನಾದ್ರೂ ನೋಡುವ," ಎಂದು ಚಪ್ಪಲಿ ಹಾಕಿಕೊಂಡು ಹೋದರು. ಅವರ ಕೆಲಸ ಆಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಅಕ್ಕ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಅವತ್ತು ಪಾತ್ರೆ ತಿಕ್ಕಿ ಎದ್ದು ಬಂದಿದ್ದೆ," ಎಂದಳು. "ಕೈ ಒದ್ದೆ ಇತ್ತು. ಅದೇ ಕೈಯಲ್ಲಿ ಇಟ್ಟೆ. ನೀನು ಅಷ್ಟು ಚಂದ ಪೆಟ್ಟಿಗೆ ಮಾಡಿಕೊಟ್ಟಿದ್ದಿ, ನಾನೇ ನೀರು ಒಳಗೆ ಹಾಕಿದೆ."

ಆಗ ಹೇಳಬೇಕಿತ್ತು. ಮೂರು ಮಾತು ಸಾಕಿತ್ತು. ನನ್ನ ಕೈಯಲ್ಲಿ ಚಾದ ಲೋಟ ಇತ್ತು. ನಾನು ಚಾ ಕುಡಿದೆ.

ರಿಜಿಸ್ಟರನ್ನು ಮಾರನೆಯ ದಿನ ಮಹಾಪೆಗೆ ಒಯ್ದೆ. ಹಿಂದಿನ ವರ್ಷ ಭಾರವೆನಿಸಿದ್ದು ಆ ದಿನ ಹೇಗೋ ಸಾಗಿತು. ಮೇಡಂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಬೆನ್ನಿಗೆ ಕಚ್ಚಿದ್ದ ಪ್ಲಾಸ್ಟಿಕ್ಕಿನ ಚೂರನ್ನು ನೋಡಿದರು.

"ಇದನ್ನ ಯಾರು ಪ್ಲಾಸ್ಟಿಕ್‌ನಲ್ಲಿ ಇಟ್ಟಿದ್ದು?"

"ಅಕ್ಕ," ಎಂದೆ. "ಅಕ್ಕ ಸುತ್ತಿಟ್ಟಿದ್ದಳು."

ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಗೆ ಅಷ್ಟು ಸಲೀಸಾಗಿ ಬಂತು ಎನ್ನುವುದೇ ಈಗಲೂ ನನ್ನನ್ನು ಕುಕ್ಕುತ್ತದೆ.

"ಪಾಪ, ಅವ್ರಿಗೇನು ಗೊತ್ತು ಬಿಡಿ. ಬೈಬೇಡಿ ಅವ್ರನ್ನ," ಎಂದರು ಮೇಡಂ. ಎರಡು ತಿಂಗಳು ಬಿಡುವಾದಾಗಲೆಲ್ಲ ಕೂತು ಮೂವತ್ತೆಂಟು ಹಾಳೆ ಬಿಡಿಸಿಕೊಟ್ಟರು. ಉಳಿದದ್ದು ಪುಡಿಯಾಯಿತು. ಹಾಳೆಗಳ ಜೊತೆ ಅಕ್ಕನಿಗೆಂದು ಒಂದು ಕಾಗದದಲ್ಲಿ ತಮ್ಮ ಕೈಯಿಂದಲೇ ಬರೆದುಕೊಟ್ಟರು. ಮೇಲೆ, 'ಒದ್ದೆ ಕೈಯಲ್ಲಿ ಮುಟ್ಟಬೇಡಿ. ಕೈ ಪೂರ್ತಿ ಒಣಗಿದ ಮೇಲೆ ತೆಗೆಯಿರಿ.' ಕೆಳಗೆ, 'ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ. ಗಾಳಿಯಾಡದ ಪೆಟ್ಟಿಗೆಯಲ್ಲಿ ಪುಸ್ತಕ ತನ್ನ ತೇವದಿಂದಲೇ ಹಾಳಾಗುತ್ತದೆ.'

ಠಾಣೆಯ ಪ್ಲಾಟ್‌ಫಾರಂ ಮೇಲೆ ನಿಂತು ಅದನ್ನು ಎರಡು ಸಲ ಓದಿದೆ. ಕಾಗದವನ್ನು ನಡುವೆ ಮಡಿಚಿ, ಉಗುರಿನಿಂದ ಗೀರಿ, ಕೆಳಗಿನ ಅರ್ಧ ಹರಿದೆ. ಕಾಗದ ಮಡಿಚಿ ಗೀರುವುದು ನನಗೆ ಚೆನ್ನಾಗಿ ಬರುವ ಕೆಲಸ. ಆದರೂ ಅವತ್ತು ಸೊಟ್ಟಗೆ ಹರಿಯಿತು. ಹರಿದದ್ದನ್ನು ಕಸದ ಡಬ್ಬಿಗೆ ಹಾಕಿ ಕಲ್ಯಾಣದ ಗಾಡಿ ಹತ್ತಿದೆ.

ಉಳಿದ ಅರ್ಧವನ್ನು ಅಕ್ಕ ಓದಿ, ಕಣ್ಣು ಮುಚ್ಚಿ ತಲೆಯಾಡಿಸಿದಳು. ಕಪಾಟಿನ ಬಾಗಿಲಿಗೆ ಅಂಟಿಸಿದಳು. ಅವಳ ಕೈಯ ಅಭ್ಯಾಸ ಶುರುವಾದದ್ದು ಅಂದಿನಿಂದ.

ಎಂಟು ವರ್ಷ ನಾನು ಅದನ್ನು ನೋಡಿದೆ. ಹೋದಾಗಲೆಲ್ಲ ಅಕ್ಕ ನನಗೆ ಪೇಪರ್ ಕೊಡಲು ಎದ್ದು, ಟವೆಲಿನ ಕಡೆಗೆ ಹೋಗಿ, ಫ್ಯಾನಿನ ಕೆಳಗೆ ನಿಲ್ಲುವಳು. ಚಳಿಗಾಲದಲ್ಲಿ ಅವಳ ಬೆರಳುಗಳ ಚರ್ಮ ಒಡೆದು ಬಿಳಿಯ ಗೆರೆಗಳಾಗುತ್ತಿದ್ದವು. ಸೊಸೆ ನಗುತ್ತಿದ್ದಳು, "ಆಯಿ ಕಾ ಹ್ಯಾಂಡ್ ಡ್ರೈಯರ್ ಚಾಲೂ." ನಾನೂ ನಕ್ಕಿದ್ದೇನೆ. ಹೋಗುವುದನ್ನು ಕಡಿಮೆ ಮಾಡಿದೆ. ಕೇಳಿದರೆ ಗಾಡಿ, ರಶ್ಶು, ಬೆನ್ನುನೋವು. ಎಲ್ಲವೂ ನಿಜವೇ, ಒಂದೂ ಕಾರಣವಲ್ಲ.

ಎರಡು ಸಾವಿರದ ಹದಿನೈದರಲ್ಲಿ ಮೇಡಂ ಕಾರ್ಯಾಗಾರ ಮುಚ್ಚಿ ಊರಿಗೆ ಹೊರಟರು. ನನಗೂ ಕೈ ನಡುಗಲು ಶುರುವಾಗಿತ್ತು, ಕಟರ್ ಗೆರೆ ಬಿಟ್ಟು ಹೋಗುತ್ತಿತ್ತು. ಕೊನೆಯ ದಿನ ಒಂದು ಒಳ್ಳೆಯ ರಟ್ಟು ಕೊಟ್ಟು, "ನಿಮ್ಮಕ್ಕನ ಹಾಳೆಗಳಿಗೆ ಈಗಲಾದ್ರೂ ಒಂದು ಸರಿಯಾದ ಪೆಟ್ಟಿಗೆ ಮಾಡ್ಕೊಡಿ ರೀ. ಅವ್ರು ಬಟ್ಟೇಲೇ ಕಟ್ಟಿಟ್ಟಿದ್ದಾರೆ ಅಂದಿದ್ರಲ್ಲ," ಎಂದರು. ಅವರು ಮರೆತಿರಲಿಲ್ಲ.

ಈ ಸಲ ಕಲ್ಯಾಣಕ್ಕೆ ಹೋಗಿ ಅಳೆದು ಬಂದೆ, ಮೂರು ಕಡೆ. ನಡುಗುವ ಕೈಗೆ ಹದಿನೈದು ದಿನ ಹಿಡಿಯಿತು. ಅಂಟಿಲ್ಲ, ಪ್ಲಾಸ್ಟಿಕ್ಕಿಲ್ಲ, ರಟ್ಟನ್ನೇ ಮಡಿಚಿ, ಅಂಚಿನ ಕಿವಿಗಳನ್ನು ಸೀಳಿನಲ್ಲಿ ಸಿಕ್ಕಿಸಿದ್ದು. ಚೀಟಿ ಅಂಟಿಸಿ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆಯುವಾಗ, ಅಳೆದವನು, ಕತ್ತರಿಸಿದವನು, ಮಡಿಚಿದವನು ಮೂರೂ ನಾನೇ ಎಂದು ಬರೆಯುವಾಗ, ಹಳೆಯ ಪೆಟ್ಟಿಗೆಗೆ ಚೀಟಿ ಹಾಕದೆ ಇದ್ದದ್ದು ಮರೆವಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಭಾನುವಾರ ಹೊರಟೆ. ಹಳಿ ರಿಪೇರಿಯ ಮೆಗಾ ಬ್ಲಾಕ್, ಗಾಡಿಗಳೆಲ್ಲ ತಡ. ಮಧ್ಯಾಹ್ನ ಮೂರಕ್ಕೆ ಮುಟ್ಟಿದೆ. ಸೊಸೆ ಮನೆಯಲ್ಲಿರಲಿಲ್ಲ. ಅಕ್ಕ ಪೆಟ್ಟಿಗೆಯನ್ನು ನೋಡಿ, "ಹಳೆಯದು ಇದಕ್ಕಿಂತ ಗಟ್ಟಿ ಇತ್ತಲ್ಲ," ಎಂದಳು. ಅಷ್ಟು ಸಾಕಾಯಿತು. ಎಲ್ಲ ಹೇಳಿದೆ. ಪ್ಲಾಸ್ಟಿಕ್ಕು, ರಬ್ಬರು, ಮೆತ್ತಗಿದ್ದುದನ್ನು ನೋಡಿಯೂ ಸುಮ್ಮನಿದ್ದದ್ದು, ಮೇಡಂ ಎದುರು ಅವಳ ಹೆಸರು ಹೇಳಿದ್ದು, ಕಾಗದ ಹರಿದದ್ದು. ತುಳುವಿನಲ್ಲಿ ಹೇಳಿದೆ.

ಅಕ್ಕ ಎದ್ದು ಕಪಾಟಿನ ಹತ್ತಿರ ಹೋದಳು. ಹಳದಿಯಾದ ಆ ಕಾಗದದ ಸೊಟ್ಟ ಅಂಚಿನ ಮೇಲೆ ಬೆರಳಾಡಿಸಿದಳು.

"ಅದಕ್ಕಾ ಕೆಳಗೆ ಹೀಗೆ ಇರುದು?" ಕನ್ನಡದಲ್ಲೇ ಕೇಳಿದಳು. "ನಿನ್ನ ಮೇಡಂ ಕಾಗದ ಉಳಿಸುವವರು ಅಂತ ಮಾಡಿದ್ದೆ ನಾನು. ಒಳ್ಳೆ ಅಭ್ಯಾಸ ಅಂತ ಹೇಳಿಯೂ ಇದ್ದೆ ಮಗಳಿಗೆ."

ಅಕ್ಕ ನನ್ನ ಕಡೆ ತಿರುಗಿದಳು.

"ಆ ಅಡುಗೆಯವ ಬಂದಾಗ ನೀನು ಇಲ್ಲೇ ಕೂತಿದ್ದಿ. ಇದೇ ಕುರ್ಚಿಯಲ್ಲಿ. ಚಾ ಕುಡಿದಿ."

"ಹೌದು."

"ಸಕ್ಕರೆ ಕಡಿಮೆ ಅಂತ ಬೇರೆ ಹೇಳಿದ್ದಿ."

ಅದು ನನಗೆ ನೆನಪಿರಲಿಲ್ಲ. ಹೇಳಿರಬೇಕು.

ಅವಳು ಒಳಗೆ ಹೋದಳು. ಹೊರಟುಹೋಗಲೇ ಎಂದು ಚೀಲ ಎತ್ತಿಕೊಂಡೆ. ಅಷ್ಟರಲ್ಲಿ ಬಂದು ಪೆನ್ಸಿಲ್ ನನ್ನ ಮುಂದಿಟ್ಟಳು.

"ಚೀಟಿಯಲ್ಲಿ ಕೆಳಗೆ ಜಾಗ ಉಂಟಲ್ಲ. ಬರೆ."

"ಎಂತ ಬರೆಯುದು?"

"ಆದದ್ದು ಬರೆ."

ಬರೆದೆ. ಅಕ್ಷರ ಮೇಲೆ ಕೆಳಗೆ ಹೋಗುತ್ತಿತ್ತು. 'ಮೊದಲಿನ ಪೆಟ್ಟಿಗೆ ಮಾಡಿದವನೂ ನಾನೇ. ಅದರಲ್ಲಿ ಪ್ಲಾಸ್ಟಿಕ್ ಹಾಕಿದ್ದರಿಂದ ರಿಜಿಸ್ಟರ್ ಹಾಳಾಯಿತು. ಅಕ್ಕನ ಕೈ ಒದ್ದೆ ಇರಲಿಲ್ಲ.'

ಅವಳು ಕನ್ನಡಕ ಹಾಕಿ ಓದಿದಳು. "ಸುಳ್ಳು ಬರೀಬೇಡ. ಕೈ ಒದ್ದೆ ಇತ್ತು. ಅದರಿಂದ ಹಾಳಾಗಲಿಲ್ಲ ಅಂತ ಬರೆ."

ಅಳಿಸಿ ಹಾಗೆಯೇ ಬರೆದೆ. ಕೆಳಗೆ ಹೆಸರು ಹಾಕಿಸಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. "ಚೀಟಿಯಲ್ಲಿ ಹಿಡಿಯದ್ದನ್ನು ಮನೆಗೆ ಹೋಗಿ ಬರೆ," ಎಂದಳು, ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೆ. ಅದನ್ನೇ ಈಗ ಬರೆಯುತ್ತಿದ್ದೇನೆ.

ಮೂವತ್ತೆಂಟು ಹಾಳೆಗಳ ಗಂಟನ್ನು ತೆಗೆಯುವ ಮೊದಲು ಅವಳು ಟವೆಲಿನ ಕಡೆಗೆ ನಡೆದಳು.

"ಇನ್ನು ಬೇಡ ಅಕ್ಕ. ಹೇಳಿದೆನಲ್ಲ."

"ಕೇಳಿತು. ಆದ್ರೆ ಎಂಟು ವರ್ಷದ್ದು ಇವತ್ತೇ ಬಿಡು ಅಂದ್ರೆ ಬಿಡುದಿಲ್ಲ," ಎಂದು ಕೈ ಒರೆಸಿ ಫ್ಯಾನಿನ ಕೆಳಗೆ ನಿಂತಳು. ಆಮೇಲೆ ಟವೆಲನ್ನು ನನ್ನ ಕಡೆಗೆ ಎಸೆದಳು. "ನೀನೂ ಒರೆಸಿಕೋ. ಬೆವರಿದ್ದಿ."

ಒರೆಸಿಕೊಂಡು ಅವಳ ಪಕ್ಕದಲ್ಲಿ ನಿಂತೆ, ಅಂಗೈ ಮೇಲೆ ಮಾಡಿ. ಅಕ್ಕ ಸಣ್ಣ ದನಿಯಲ್ಲಿ ಹತ್ತರವರೆಗೆ ಎಣಿಸಿದಳು.